ಎಂ-೪೧

ಅಪ್ಪನ ಗ್ರಂಥಿಗೆ ಅಂಗಡಿಗೆ ಕಾಗದ ಬರುತ್ತಿದ್ದದ್ದು ಕೆಜಿ ಲೆಕ್ಕದಲ್ಲಿ:
ತಿದ್ದಿ ಮುಗಿದ ಉತ್ತರಪತ್ರಿಕೆ, ಯಾವ ವರ್ಷದ್ದೋ, ಯಾರದೋ.
ದೇವರಾಜ ಮಾರ್ಕೆಟ್ಟಿನ ಹಿಂಬಾಗಿಲಲ್ಲಿ ಕೂತು
ಹಿಪ್ಪಲಿ, ಬಜೆ, ಎಂಟಾಣೆಯ ಅಳಲೆಕಾಯಿ,
ಎಲ್ಲಕ್ಕೂ ಒಂದು ಹರಿದ ಹಾಳೆ,
ಮೇಲಿಂದ ಇಳಿಬಿದ್ದ ದಾರ ಎರಡು ಸುತ್ತು.
ನಾನು ಬಜೆ ಬಿಟ್ಟು ಕಾಗದ ಓದುತ್ತಿದ್ದೆ.
ಅರ್ಧ ಲೆಕ್ಕ. ಕೆಂಪು ಸೊನ್ನೆ.
‘ಇವನು ಫೇಲು’ ಅನ್ನುತ್ತಿದ್ದೆ.
ಅಪ್ಪ ನಗುತ್ತಿರಲಿಲ್ಲ. ‘ಪೂರ್ತಿ ಪತ್ರಿಕೆ ನೋಡಿದ್ಯಾ?’

ಈಗ ಮಾನಸಗಂಗೋತ್ರಿಯಲ್ಲಿ, ಎರಡನೇ ಮಹಡಿಯಲ್ಲಿ
ನನ್ನ ಕೆಲಸವೂ ಅದೇ.
ರಕ್ತ ಗಿರ್ರನೆ ತಿರುಗಿ ಕೆಂಪು ತಳ ಸೇರುತ್ತದೆ.
ಮೇಲೆ ಉಳಿದ, ಕಬ್ಬಿನ ಹಾಲಿನ ಬಣ್ಣದ ತಿಳಿಯನ್ನು
ಮತ್ತೆ ತಿರುಗಿಸಬೇಕು, ಮತ್ತೆ, ಇನ್ನೂ ಜೋರಾಗಿ, ಎರಡು ಗಂಟೆ.
ಕೊನೆಗೆ ಕಂಡೂ ಕಾಣದ ಒಂದು ಮಂಜಿನ ಗುರುತು.
ಅದರಲ್ಲಿ ಕೋಟಿ ಪೊಟ್ಟಣ,
ಜೀವಕೋಶ ತನ್ನ ಪೊರೆಯದೇ ಚೂರು ಹರಿದು
ಕಟ್ಟಿ ಹೊರಗೆ ಹಾಕಿದ್ದು. ಒಳಗೆ ಆರ್‌ಎನ್‌ಎ ತುಂಡು,
ನಾಲ್ಕೇ ಅಕ್ಷರದ ಕೈಬರಹ.
ಕೆಟ್ಟ ಕೋಶ ಹೆಚ್ಚು ಕಟ್ಟುತ್ತದೆ,
ಆಯುಧಪೂಜೆಯ ಹಿಂದಿನ ಸಂಜೆ ಅಪ್ಪ ಕಟ್ಟುತ್ತಿದ್ದ ಹಾಗೆ, ತಲೆಯೆತ್ತದೆ.
ಗಡ್ಡೆ ಇನ್ನೂ ಸಾಸಿವೆಯಷ್ಟಿಲ್ಲ, ಸ್ಕ್ಯಾನಿಗೆ ಸಿಗುವುದಿಲ್ಲ;
ಪೊಟ್ಟಣ ಆಗಲೇ ಊರೆಲ್ಲ.

ಎಂ-೪೧. ಹೆಸರು ನನಗೆ ಗೊತ್ತಿರಕೂಡದು.
ಗೊತ್ತು. ಸಣ್ಣತಾಯಮ್ಮ.
ಪಾಂಡವಪುರದ ಬಸ್ಸಿಳಿದು ಬಂದವಳು,
ಆರೋಗ್ಯವಂತರ ಪಟ್ಟಿಯಲ್ಲಿ ಹೆಬ್ಬೆಟ್ಟು ಒತ್ತಿದವಳು.
‘ಕೋಳಿ ಕುಯ್ಯೋಳ್ಗೆ ಸೂಜಿ ಭಯವಾ’ ಎಂದು ತೋಳು ಚಾಚಿ
ಕೊಟ್ಟ ಬಿಸ್ಕತ್ತನ್ನು ತಿನ್ನದೆ ಸೆರಗಿಗೆ ಕಟ್ಟಿಕೊಂಡವಳು.
ಪರದೆಯ ಮೇಲೆ ಅವಳ ಚುಕ್ಕಿ
ತನ್ನ ಗುಂಪು ಬಿಟ್ಟು ಆ ಕಡೆಯವರ ನಡುವೆ ಹೋಗಿ ಕೂತಿದೆ.
ಮೂರು ಸಲ ಮಾಡಿದೆ. ಮೂರು ಸಲವೂ.

ಮೇಡಂ ಅಂದರು: ಇದು ಅಧ್ಯಯನ, ಪರೀಕ್ಷೆಯಲ್ಲ.
ಇನ್ನೂ ನಾನೂರು ಜನ ಬೇಕು.
ಒಪ್ಪಿಗೆ ಪತ್ರದಲ್ಲೇ ಇದೆಯಲ್ಲ, ಫಲಿತಾಂಶ ತಿಳಿಸುವುದಿಲ್ಲ ಅಂತ.
ತಪ್ಪಾಗಿದ್ದರೆ? ಸುಮ್ಮನೆ ಒಂದು ಜೀವ ನಿದ್ದೆಗೆಡುತ್ತದೆ.
ಅವರು ಹೇಳಿದ್ದು ಸರಿ.
ಅಪ್ಪನೂ ಅದನ್ನೇ ಕೇಳುತ್ತಿದ್ದ.

ಸಂಜೆ ಹುಣಸೂರು ರಸ್ತೆಯಲ್ಲಿ ಬಸ್ಸಿಗೆ ನಿಂತು ಕಡಲೆಕಾಯಿ ತಿಂದೆ.
ಕಾಗದ ಬಿಡಿಸಿ, ಅಂಗೈಯಲ್ಲಿ ಸವರಿ ನೋಡಿದೆ, ಹಳೇ ಚಾಳಿ.
ಪ್ರಶ್ನೆ ಸಂಖ್ಯೆ ಆರು, ಅಷ್ಟೇ ಇತ್ತು.
ಉತ್ತರ ಇನ್ಯಾರದೋ ಪೊಟ್ಟಣಕ್ಕೆ ಹೋಗಿತ್ತು.

ಬೆಳಿಗ್ಗೆ ರಿಜಿಸ್ಟರಿನಲ್ಲಿ ಬರೆದೆ:
ಎಂ-೪೧, ರಕ್ತ ಸಾಲದು, ಮತ್ತೊಮ್ಮೆ ಕರೆಸುವುದು.
ಸಾಲದು ಅನ್ನುವುದು ಸುಳ್ಳು.
ಬಂದರೆ ಏನು ಹೇಳುತ್ತೇನೋ, ಗೊತ್ತಿಲ್ಲ.
ಬಿಸ್ಕತ್ತು ಎರಡು ಪ್ಯಾಕೆಟ್ ತರಿಸಿಟ್ಟಿದ್ದೇನೆ.