ಹಿಂಜುವ ಡಬ್ಬಿ

ಮುರಿಗೆಪ್ಪನ ರೇಡಿಯೋ ಅಂಗಡಿಗೆ ಈಗ ಯಾರೂ ರೇಡಿಯೋ ತರುವುದಿಲ್ಲ.
ಮಿಕ್ಸಿ ಬರುತ್ತದೆ, ಸೊಳ್ಳೆ ಬ್ಯಾಟು ಬರುತ್ತದೆ,
ರೈಲ್ವೇ ಗೇಟು ಬಿದ್ದಾಗ ಅಶೋಕ ರಸ್ತೆಯ ಅರ್ಧ ಊರು
ನೆರಳಿಗೆಂದು ಬಂದು ನಿಲ್ಲುತ್ತದೆ.
ನಾನು ಕೇಳಿದ್ದು ಎರಡು ಹಳೇ ಟ್ರಾನ್ಸಿಸ್ಟರು, ಜರ್ಮೇನಿಯಮ್ಮಿನವು.
ಮಿರ್ಚಿ ಕಚ್ಚಿದವನು ಹಾಗೇ ನಿಂತ,
ಸತ್ತ ಗೆಳೆಯನ ಹೆಸರು ಹಿಡಿದು
ಯಾರೋ ಬಾಗಿಲಲ್ಲಿ ಕೂಗಿದ ಹಾಗೆ.

"ಏನ್ ಮಾಡ್ತಿಯೋ ದಾದಾಪೀರ?"
"ಗಿಟಾರಿಗೊಂದು ಡಬ್ಬಿ. ಕಾಲಿಂದ ಒತ್ತಿದ್ರೆ ಸ್ವರ ಗೊರಗೊರ ಅನ್ನಬೇಕು."
"ನಲವತ್ತು ವರ್ಷ ಈ ಕುರ್ಚಿ ಮ್ಯಾಲೆ ಕುಂತು
ಬರೇ ಗೊರಗೊರ ತೆಗೆದೀನಿ.
ಹಾಕಿಕೊಡು ಅಂತ ಬಂದೋನು ನೀನೇ ಮೊದಲು."
ಅಟ್ಟದಿಂದಿಳಿಯಿತು ಹೊಟ್ಟೆ ಬಿಚ್ಚಿದ ಒಂದು ರೇಡಿಯೋ.
ಮೂರು ಕಾಲಿನ ತಗಡು ಟೋಪಿಗಳು, ಕಡಲೆಬೀಜದಷ್ಟು.
ದುಡ್ಡು ಬೇಡ, ಇನ್ನೊಂದು ಪ್ಲೇಟ್ ಮಂಡಕ್ಕಿ ಹೇಳು ಅಂದ.

ನಮ್ಮದು ಗಾದಿ ಅಂಗಡಿ.
"ಅರಳೆ ಇರೋ ಮನೀಗೆ ಕಾದ ಕಬ್ಬಿಣ ತರ್ತಿಯಾ?" ಎಂದಳು ಅವ್ವ.
ಹಾಗಾಗಿ ಮಾಳಿಗೆ, ನೀರಿನ ಟ್ಯಾಂಕಿನ ಮಗ್ಗುಲು,
ಮೂರು ವೈರು ಗಂಟು ಹಾಕಿ ಏರಿಸಿದ ಕರೆಂಟು.
ರಾಳದ ಹೊಗೆ ಕಣ್ಣಿಗೆ. ಸೀಸ
ಬೇಕಾದಲ್ಲಿ ಕೂರದೆ ಹೆಬ್ಬೆರಳ ಮೇಲೆ ಕೂತು
ಇವತ್ತಿಗೂ ಬಿಳಿ ಕಲೆ.
ಬುತ್ತಿ ಡಬ್ಬಿಗೆ ತೂತು ಕೊರೆದದ್ದು ಅವಳಿಗೆ ಹೇಳಿರಲಿಲ್ಲ;
ಎಷ್ಟು ತೊಳೆದರೂ ಮುಚ್ಚಳದಲ್ಲಿ
ನಿಂಬೆಕಾಯಿ ಉಪ್ಪಿನಕಾಯಿ.

ಒತ್ತಿದೆ. ಏನೂ ಇಲ್ಲ.
ಬಿಚ್ಚಿದೆ, ಹಚ್ಚಿದೆ, ಒತ್ತಿದೆ. ಏನೂ ಇಲ್ಲ.
ಎಂಟು ದಿನ ಆ ಏನೂ ಇಲ್ಲವನ್ನೇ
ಬೇರೆ ಬೇರೆ ಥರ ಬೆಸೆದೆ.
ಭಾನುವಾರ ಮುರಿಗೆಪ್ಪ ಮೊಣಕಾಲು ಹಿಡಿದುಕೊಂಡು ಮಾಳಿಗೆ ಹತ್ತಿದ,
ಕನ್ನಡಕ ಹಣೆಗೇರಿಸಿ ಒಳಗೆ ಇಣುಕಿ
"ತಮ್ಮಾ, ಇವು ಹಳೇ ಕಾಲದವು.
ಇವಕ್ಕೆ ನೆಲ ಅಂದ್ರೆ ಪ್ಲಸ್ಸು" ಎಂದ.
ಬ್ಯಾಟರಿ ತಿರುಗಿಸಿದೆ.

ತಂತಿ ಮುಟ್ಟಿರಲಿಲ್ಲ ನಾನಿನ್ನೂ.
ಸ್ಪೀಕರಿನೊಳಗಿಂದ, ಗಂಟಲು ಕಟ್ಟಿದ ಒಂದು ಹೆಂಗಸಿನ ದನಿ:
ಮೆಕ್ಕೆಜೋಳ... ಕ್ವಿಂಟಾಲಿಗೆ... ಇಂದಿನ ಆವಕ...
ಭದ್ರಾವತಿ ಸ್ಟೇಷನ್ನು!
ಹೊಸ ಕೆಲಸಕ್ಕೆ ಸೇರಿದ ಮೊದಲ ದಿನ
ಆ ಎರಡು ಟೋಪಿಗಳು ಹಳೇ ಕೆಲಸ ಮಾಡುತ್ತಿದ್ದವು.
ನಾನು ನಕ್ಕೆ. ಮುರಿಗೆಪ್ಪ ನಗಲಿಲ್ಲ.
ಶೇಂಗಾ, ಸೂರ್ಯಕಾಂತಿ, ಕೊನೆಗೆ ಹತ್ತಿಯ ದರದವರೆಗೂ
ಕೂತು ಕೇಳಿದ.
"ಈಗ ಮುಚ್ಚಳ ಹಾಕು."
ತಗಡು ಕೂತಿತು. ಭದ್ರಾವತಿ ಹೋಯಿತು.

ಆಮೇಲೆ ಬಾರಿಸಿದೆ.
ಹೇಗೆ ಹೇಳಲಿ, ನಮ್ಮ ಗೋಡೆಯ ಮೇಲೆ ಅಜ್ಜನ ಬಿಲ್ಲು ತೂಗುತ್ತದೆ,
ಆಳೆತ್ತರದ್ದು, ಕುರಿಯ ನರದ ಒಂದೇ ತಂತಿ;
ಕೊಡತಿಯಿಂದ ಹೊಡೆದರೆ ಧುಂಯ್ ಎಂದು
ಒತ್ತಿ ಕೂತ ಅರಳೆ ಎಳೆ ಎಳೆಯಾಗಿ ಎದ್ದು
ಕೋಣೆ ತುಂಬ ಹಾರುತ್ತಿತ್ತಂತೆ.
ನಾನು ನೋಡಿದ್ದು ಮಷಿನ್ನು ಮಾತ್ರ.
ಈಗ ಒಂದು ಸ್ವರ, ನನ್ನ ಕಾಲ ಕೆಳಗೆ,
ಹಾಗೇ ಬಿಡಿಸಿಕೊಂಡು, ರೋಮ ಎದ್ದು, ಅಂಚು ಕಳೆದುಕೊಂಡು
ಹಬ್ಬಿತು ನೋಡಿ.
ಪಕ್ಕದ ಮಾಳಿಗೆಯ ಪಾರಿವಾಳ ಒಟ್ಟಿಗೇ ಎದ್ದವು.

ಅವ್ವ ಮೆಟ್ಟಿಲು ಹತ್ತಿ ಬಂದಳು, ತಲೆ, ಹುಬ್ಬು, ಎಲ್ಲ ಅರಳೆ.
ಡಬ್ಬಿ ನೋಡಿದಳು. ಗುರುತು ಹಿಡಿದಳು.
(ಬೈದದ್ದು ರಾತ್ರಿ.)
ಇನ್ನೊಮ್ಮೆ ಅನ್ನು ಎಂದು ಕೈಸನ್ನೆ ಮಾಡಿ
ಕಣ್ಣು ಮುಚ್ಚಿದಳು,
ಮಾವನ ಬಿಲ್ಲಿಗೆ ಕಿವಿ ಕೊಟ್ಟೇ ಕಸುಬು ಕಲಿತವಳು.
"ಇನ್ನೂ ಗಂಟು ಐತಿ" ಅಂದಳು.
"ಇನ್ನೊಂದಿಷ್ಟು ಹಿಂಜು."