ಎಣ್ಣಿ ಡಬ್ಬಿಗೆ ಕೀಲಿ

ಮೊದಲ ಓದಿದ್ದು ಮಿರ್ಚಿ ಕಟ್ಟಿಕೊಟ್ಟ ಹಾಳ್ಯಾಗ.
ಎಣ್ಣಿ ಕುಡದು ಗಾಜಿನಂಗ ಆಗಿತ್ತು ಹಾಳಿ,
ಬೆಳಕಿಗೆ ಹಿಡದರ ಆ ಕಡಿ ಚೌಕ ಕಾಣತಿತ್ತು,
ಈ ಕಡಿ ನನ್ನ ಹೆಸರು.
ಸುಗಲಾಬಾಯಿ ಕಮತಗಿ, ನಡುವಿನ ಓಣಿ, ಗುಳೇದಗುಡ್ಡ.
ಅದರ ಕೆಳಗ ಒಂದು ಮೋಟಾರ ಸೈಕಲ್ಲಿನ ಸಾಲ,
ಮೂರು ಕಂತು ಬಾಕಿ.
ನಾನು ಸೈಕಲ್ಲೂ ಹತ್ತಿದಾಕಿ ಅಲ್ಲ.
ಮಿರ್ಚಿ ಅಲ್ಲೇ ಕಟ್ಟಿ ಮ್ಯಾಲ ಬಿಟ್ಟು
ಹಾಳಿ ಅಷ್ಟ ಮನಿಗೆ ತಂದೆ.

ನಮ್ಮ ಮನಿಗೆ ಪತ್ರ ಬರೂ ರೀತಿ ಹೇಳತೀನಿ.
ಕುಣ್ಯಾಗ ಕಾಲು, ಕೈಯಾಗ ಲಾಳಿ,
ಆಜೂಬಾಜೂ ಹತ್ತು ಮಗ್ಗ ಖಟಾಖಟ್,
ಅದರ ನಡುವ ಯಮನಪ್ಪ ಪೋಸ್ಟ್ ಅಂದರ
ಯಾರಿಗೆ ಕೇಳಬೇಕು? ಕೇಳಿದರೂ
ಎದ್ದ ಬರಾಕ ಎಳಿ ಬಿಡಬೇಕಲ್ಲ.
"ಕಿಟಕ್ಯಾಗ ಸಿಗಿಸಿ ಹೋಗಪಾ" ಅಂತ ಒಳಗಿಂದ ನಾನ ಕೂಗತಿದ್ದೆ.
ಹದಿನೈದು ವರ್ಷ ಕೂಗೀನಿ.
ಬ್ಯಾಂಕಿನ ಪತ್ರ, ಪಾನ್ ಕಾರ್ಡು, ವಿಮಾ ರಸೀದಿ,
ಸಂಜಿತನಕ ಓಣಿಗೆ ಮುಖ ಮಾಡಿ ಕುಂತಿರತಿದ್ದವು
ಮದಿವಿಗೆ ಬಂದ ಬೀಗರಂಗ.
ಮಾಳಿಗಿ ಮ್ಯಾಲಿನ ಸಂಡಿಗಿಗೆ ಕಾವಲ ಕುಂತಾಕಿ ನಾನು,
ಕಾಗಿ ಬರತಾವಂತ.
ಪತ್ರಕ್ಕ ಯಾವ ಕಾಗಿ ಬರತೈತಿ?

ಬ್ಯಾಂಕಿನ್ಯಾಗ ಅಂದರು, ನೀನು ನೀನ ಅಂತ ತೋರಸು.
ಹೆಬ್ಬೆಟ್ಟು ಒತ್ತಿದೆ. ಯಂತ್ರ ಒಲ್ಲೆ ಅಂತು.
ಒರಸಿ ಒತ್ತಿದೆ. ಉಗುಳ ಹಚ್ಚಿ ಒತ್ತಿದೆ.
ನಲವತ್ತು ವರ್ಷ ರೇಷ್ಮಿ ಎಳಿ ಸವಸಿದ ಬೆರಳು,
ಅದರಾಗ ಗೆರಿ ಎಲ್ಲಿ ಉಳದಾವು?
ಎಲ್ಲಾ ಖಣದಾಗ ಹೋಗ್ಯಾವು, ಯಾರ್ಯಾರದೋ ಕುಬಸ ಆಗಿ.
ನನ್ನ ಹೆಸರಿನ ಆ ಇನ್ನೊಬ್ಬಾಕಿಗೆ
ಯಾರೂ ಹೆಬ್ಬೆಟ್ಟು ಕೇಳಲಿಲ್ಲ.
ಆಕಿ ಕಡೆ ನನ್ನ ಕಾಗದ ಇತ್ತು.
ನನ್ನ ಕಡೆ ನಾನು ಅಷ್ಟ ಇದ್ದೆ.

ಸ್ಟೇಷನ್ನಿನ್ಯಾಗ ಬರಕೊಂಡರು.
ಯಾರ ಮ್ಯಾಲರ ಸಂಶಯ? ಅಂದರು.
ಇಲ್ರಿ ಅಂದೆ. ಸುಳ್ಳು.
ಬಾಜೂಮನಿ ಹೂವಕ್ಕನ ಮಗ ಅದ ತಿಂಗಳ ಹೊಸ ಗಾಡಿ ತಂದಿದ್ದ,
ಅದರ ಸುತ್ತ ಎರಡ ಸಲ ಅಡ್ಡಾಡಿ ನಂಬರ ನೋಡಿದ್ದೆ.
ಯಮನಪ್ಪ ಬಗ್ಗಿದಾಗ ಅವನ ಚೀಲದಾಗ ಹಣಿಕಿ ಹಾಕಿದ್ದೆ.
ಬ್ಯಾಸಗ್ಯಾಗ ಅವಗ ಕೊಡತಿದ್ದ ತಂಬಿಗಿ ನೀರು
ಸುಮ್ಮನ ನಿಲ್ಲಿಸಿದ್ದೆ. ಕೇಳಿದ್ದಿಲ್ಲ ಅಂವ.
ಕಿಟಕಿಗೆ ಕೈ ಹಾಕಿದಾಂವ ಒಬ್ಬನ ಇರಬೇಕು,
ನಾನು ಇಡೀ ಓಣಿ ಕೈ ನೋಡಕೋತ ಕುಂತೆ.

ಒಂದ ಐತವಾರ ಯಮನಪ್ಪ ಖಾಕಿ ಇಲ್ಲದ ಬಂದ.
ಬಗಲಾಗ ಒಂದ ಎಣ್ಣಿ ಡಬ್ಬಿ,
ವೆಲ್ಡಿಂಗ್ ಹುಸೇನಸಾಬನ ಕಡೆ ಬಾಯಿ ಕೊರಸಿದ್ದು.
ಕಾರ್ಡು ಹೋಗಬೇಕು, ಕೈ ಹೋಗಬಾರದು, ಅಷ್ಟ ಸಂದಿ.
ಮ್ಯಾಲಿನ ಸೂರ್ಯಕಾಂತಿ ಹೂವು ಇನ್ನೂ ಅರ್ಧ ಉಳದಿತ್ತು.
ಗ್ವಾಡಿಗೆ ತಾನ ಮೊಳಿ ಹೊಡದ.
ಕೀಲಿಕೈ ಎರಡೂ ನನ್ನ ಅಂಗೈಯಾಗ ಇಟ್ಟ.
"ಎರಡೂ ನಿನ್ನ ಕಡೆನ ಇರಲಿ ಅವ್ವಾ. ನನಗ ತೋರಸಬ್ಯಾಡ."
ಅಷ್ಟ.
ಒಳಗ ಹೋಗಿ ಒಂದ ತಂಬಿಗಿ ನೀರು ತರಾಕ
ನನಗ ಭಾಳ ಹೊತ್ತು ಹಿಡೀತು.

ಈಗ ಕುಣ್ಯಾಗ ಇಳಿಯೂ ಮುಂದ ಒಮ್ಮೆ, ಎದ್ದ ಮ್ಯಾಲ ಒಮ್ಮೆ
ಡಬ್ಬಿ ತಗದ ನೋಡತೀನಿ.
ಓದಿ ಮುಗದದ್ದು ಹೆಸರು ಬ್ಯಾರೆ, ನಂಬರ ಬ್ಯಾರೆ ಹರದು
ನೀರೊಲಿಗೆ ಹಾಕತೀನಿ. ನನ್ನ ವಿಳಾಸ ಉರದು ಕಾದ ನೀರಾಗ
ಸೊಸಿ ಜಳಕ ಮಾಡತಾಳ.
ಸಾಲ ಇನ್ನೂ ನನ್ನ ಹೆಸರ ಬಿಟ್ಟಿಲ್ಲ,
ಸೋಮಾರ ಮತ್ತ ಬಾಗಲಕೋಟಿಗೆ ಬಾ ಅಂದಾರ.

ಡಬ್ಬ್ಯಾಗ ಬಿದ್ದ ಮೊದಲನೇ ಪತ್ರ ಮಾತ್ರ ನಂದಲ್ಲ.
ಹೂವಕ್ಕನ ಮನಿಗೆ ಕೀಲಿ ಇತ್ತು,
ಕಿಟಕ್ಯಾಗ ಬ್ಯಾಡಂತ ಯಮನಪ್ಪ ಇದರಾಗ ಹಾಕಿದ್ದ.
ಆಕಿ ಮಗನ ಹೆಸರು. ತೆಳ್ಳನ ಲಕೋಟಿ.
ಬೆಳಕಿಗೆ ಹಿಡದರ ಒಳಗಿಂದು ಕಾಣತಿತ್ತು.

ಸೆರಗಿನ್ಯಾಗ ಬೋರಲ ಹಿಡಕೊಂಡ ಹೋಗಿ
ಸಂಜಿಮುಂದ ಅವನ ಕೈಯಾಗ ಕೊಟ್ಟೆ.
"ಒಳಗ ಇಡಪಾ," ಅಂದೆ, "ಕಿಟಕ್ಯಾಗ ಬ್ಯಾಡ."