ಗೆರೆಯಿಲ್ಲದ ಜಾಗ

ರೀಗಾದ ಡಿಸೆಂಬರಿನಲ್ಲಿ ಎರಡು ಏಳೂ ಕತ್ತಲೇ.
ಬೆಳಗಿನದೋ ರಾತ್ರಿಯದೋ ಎಂದು
ಟ್ರಾಮನ್ನೇ ಕೇಳಬೇಕು:
ಬೆಳಗಿನ ಟ್ರಾಮಿನಲ್ಲಿ ಜನ ಕೆಮ್ಮುತ್ತಾರೆ,
ರಾತ್ರಿಯದರಲ್ಲಿ ಯಾರೋ ಒಬ್ಬರಾದರೂ ನಗುತ್ತಾರೆ.

ಫ್ರಿಜ್ಜಿನ ಬಾಗಿಲಲ್ಲಿ, ಬೆಣ್ಣೆಯ ಪಕ್ಕ,
ಹೆಬ್ಬೆರಳಿನಷ್ಟು ಸೀಸೆ.
ಕುಲುಕಬೇಡಿ ಸ್ಕೈದ್ರೀತೆ, ಎಂದಿದ್ದರು ಡಾಕ್ಟರು,
ಅಂಗೈಗಳ ನಡುವೆ ಹೊರಳಿಸಿ,
ಚಳಿಗೆ ಕೈ ಉಜ್ಜಿಕೊಂಡ ಹಾಗೆ.

ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ
ಹೊಗೆ ಕುಡಿದ ಪುಟ್ಟ ಮೀನುಗಳನ್ನು
ಡಬ್ಬಿಯಲ್ಲಿ ಮಲಗಿಸಿದ ಕೈ ಇದು.
ಬೆನ್ನಿಗೆ ಹೊಟ್ಟೆ, ಹೊಟ್ಟೆಗೆ ಬೆನ್ನು,
ಡಬ್ಬಿಗೆ ನೂರರವತ್ತು ಗ್ರಾಮು.
ತಕ್ಕಡಿ ನೋಡದೆ ಹೇಳುತ್ತಿದ್ದೆ, ಮೂರು ಗ್ರಾಮು ಕಮ್ಮಿ ಎಂದು.
ಈಗ ಕನ್ನಡಕದ ಮುಂದೊಂದು ಭೂತಗನ್ನಡಿ ಹಿಡಿದು
ಒಂದೂವರೆಯ ಗೆರೆ ಹುಡುಕುತ್ತೇನೆ.
ಒಂದೂವರೆ ಯೂನಿಟ್ಟು.
ಹನಿ ಎಂದರೂ ಜಾಸ್ತಿಯಾಯಿತು.

ಶ್ಪ್ರೋತೆಗೆ ಹದಿನೇಳು.
ಕಾರ್ಖಾನೆ ಮುಚ್ಚಿದ ವಾರ ಗೇಟಿನ ಹತ್ತಿರ ಸಿಕ್ಕವಳು.
ಮೀನಿನ ಹೆಸರನ್ನೇ ಬೆಕ್ಕಿಗಿಟ್ಟೆ.
ಅಲ್ಲಿಂದ ನಾನು ಮನೆಗೆ ತಂದದ್ದು
ಅವಳನ್ನು, ಮತ್ತು ಒಂದು ಏಪ್ರನ್ನು.

ಕಾಯಿಲೆ ಗೊತ್ತಾಗುವ ಮೊದಲು ಬಕಾಸುರನ ಹಸಿವು.
ರೈ ಬ್ರೆಡ್ಡು ಕದ್ದಳು. ಬೇಯಿಸಿದ ಬೀಟ್‌ರೂಟು ಕದ್ದು
ಕೆಂಪು ಮೀಸೆ ಹೊತ್ತುಬಂದು ನಾನಲ್ಲ ಎಂದು ನೋಡಿದಳು.
ತಿಂದಷ್ಟೂ ಸೊರಗಿದಳು.
ಬಟ್ಟಲ ನೀರು ಬತ್ತಿತು, ತುಂಬಿದೆ, ಮತ್ತೆ ಬತ್ತಿತು.
ಮುದಿವಯಸ್ಸಿನ ಬಾಯಿಚಪಲ ಎಂದು ನಕ್ಕಿದ್ದೆ.
ಆ ನಗು ಇನ್ನೂ ಗಂಟಲಲ್ಲೇ ಇದೆ.

ಈಗ ತಲೆಕೆಳಗು.
ತಟ್ಟೆಯೆದುರು ಕೂತು ಗೋಡೆ ನೋಡುತ್ತಾಳೆ,
ಬೇರೆ ಯಾರದೋ ಊಟಕ್ಕೆ ಕಾದವಳಂತೆ.
ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ:
ಪೂರ್ತಿ ತಿಂದರೆ ಪೂರ್ತಿ,
ಅರ್ಧಕ್ಕೆ ಅರ್ಧ,
ಮೂಸಿ ಬಿಟ್ಟರೆ ಸೂಜಿ ಮುಟ್ಟಬೇಡಿ, ಫೋನು ಮಾಡಿ.
ಒಂದೂವರೆಯಲ್ಲಿ ಅರ್ಧ ಎಷ್ಟು ಡಾಕ್ಟರೇ?
ಮುಕ್ಕಾಲು.
ಅಲ್ಲಿ ಗೆರೆಯೇ ಇಲ್ಲವಲ್ಲ.
ಎರಡು ಗೆರೆಗಳ ನಡುವೆ ನಿಲ್ಲಿಸಿ, ಎಂದರು,
ಮಂಜಿನ ಮೇಲೆ ನಿಂತುಕೋ ಅಂದಷ್ಟು ಸಲೀಸಾಗಿ.

ನವೆಂಬರಿನ ಒಂದು ರಾತ್ರಿ ಎಡವಟ್ಟಾಯಿತು.
ಚುಚ್ಚಿದ ಮೇಲೆ ತಿಂದದ್ದನ್ನೆಲ್ಲ ಕಕ್ಕಿ
ಕುಡುಕನ ಹಾಗೆ ವಾಲಾಡಿದಳು,
ಕಣ್ಣು ತೆರೆದೇ ಇದ್ದವು, ಒಳಗೆ ಯಾರೂ ಇರಲಿಲ್ಲ.
ಬೆರಳಿಗೆ ಜೇನು ಬಳಿದು ಒಸಡಿಗೆ ಸವರಿದೆ.
ಆಂಸಿಸ್ ಬಿಟ್ಟುಹೋದ ಒಂಟಿ ಕಾಲುಚೀಲಕ್ಕೆ
ಬಿಸಿ ಅಕ್ಕಿ ತುಂಬಿ ಕಿವಿಗೆ ಶಾಖ ಕೊಟ್ಟು,
ಅಂಚಿನಲ್ಲಿ ಚುಚ್ಚಿ, ಸಾಸಿವೆಯಷ್ಟು ರಕ್ತ ತೆಗೆದು,
ಅಂಕಿ ಏರುವುದನ್ನೇ ನೋಡುತ್ತ ಕೂತೆ.
ಸಕ್ಕರೆಗೆ ಹೆದರಿ ಬದುಕುವ ಮನೆಯಲ್ಲಿ
ಆ ರಾತ್ರಿ ಸಕ್ಕರೆಗೇ ಕೈಮುಗಿದದ್ದು.

ಹದಿನೇಳರ ಬೆಕ್ಕಿಗೆ ಇಷ್ಟೆಲ್ಲ ಯಾಕೆ,
ಎನ್ನುತ್ತಾಳೆ ಎದುರು ಮನೆಯ ಜಿಗ್ರೀದಾ.
ಅವಳ ಮಾತಿನಲ್ಲೂ ಹುರುಳಿದೆ.
ಅವಳ ಪಿಂಚಣಿ ನನ್ನದಕ್ಕಿಂತ ಕಮ್ಮಿ.
ಆದರೂ ನಾನು ಪೇಟೆಗೆ ಹೋದ ದಿನ
ಬೀಗದ ಕೈ ಇಸಿದುಕೊಂಡು ಬಂದು
ತಟ್ಟೆ ಎಷ್ಟು ಖಾಲಿಯಾಯಿತೆಂದು
ಚೀಟಿಯಲ್ಲಿ ಬರೆದಿಡುವವಳೂ ಅವಳೇ.

ಈ ಬೆಳಿಗ್ಗೆ ಕೋಳಿ ಬೇಡ. ಬಿಸಿ ಮಾಡಿದರೂ ಬೇಡ.
ಏಳು ಹತ್ತು. ಏಳು ಇಪ್ಪತ್ತು.
ಅಳೆದೂ ಸುರಿದೂ ನನಗೇ ಸಾಕಾಗಿ
ಬ್ರೆಡ್ಡು ಹಿಡಿದು ಅವಳ ಪಕ್ಕ ನೆಲಕ್ಕೆ ಕೂತು
ನನಗೆಂದು ಒಂದು ಡಬ್ಬಿ ತೆರೆದೆ.

ತಗಡು ಸುರುಳಿಯಾಗುವ ಸದ್ದಿಗೆ
ಕಿವಿ ತಿರುಗಿತು, ಆಮೇಲೆ ಅವಳು.
ಎಣ್ಣೆ ಒರೆಸಿ ಹಿಡಿದ ಮೀನನ್ನು ಬೆರಳಿನಿಂದಲೇ ತಿಂದಳು.
ಇನ್ನೊಂದು.
ಮೂರನೆಯದನ್ನು ಮೂಸಿ, ನನ್ನ ಮುಖ ನೋಡಿದಳು.

ಎರಡು ಮೀನು: ಕೈ ಹೇಳಿತು, ಹದಿನಾರು ಗ್ರಾಮು.
ಅರ್ಧವೆಂದರೆ ಅರ್ಧವೇ? ಉಪ್ಪಿನ ಲೆಕ್ಕ ಬೇರೆ.
ಫೋನು ಮಾಡಿದೆ. ನಿದ್ದೆಗಣ್ಣಿನ ದನಿ: ಮುಕ್ಕಾಲು ಹಾಕಿ.
ಗೆರೆಯಿಲ್ಲದ ಜಾಗದಲ್ಲಿ ಉಸಿರು ಹಿಡಿದು ನಿಲ್ಲಿಸಿದೆ.
ಚರ್ಮ ಎತ್ತಿ ಚುಚ್ಚುವಾಗ
ಅವಳು ಡಬ್ಬಿಯ ಅಂಚು ನೆಕ್ಕುತ್ತಿದ್ದಳು.

ಮೂರನೆಯ ಮೀನನ್ನು ನಾನು ತಿಂದೆ.
ಹೊರಗೆ ಟ್ರಾಮಿನಲ್ಲಿ ಯಾರೋ ಕೆಮ್ಮಿದರು.